ಅರ್ಧ ಪುಟಕ್ಕೆ ಮುಗಿದ ಎರಡು ವರ್ಷ

ಪ್ರಶ್ನೆ: ನಮಸ್ತೆ ಟೀಚರ್. ಕಾಸರಗೋಡಿನ ಮುಳ್ಳೇರಿಯ ಬದಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಪಾಠ ಮಾಡುತ್ತೇನೆ. ಶೈಕ್ಷಣಿಕ ತಂತ್ರಜ್ಞಾನದ ಸ್ನಾತಕೋತ್ತರ ಓದು ಈಗ ಕೊನೆಯ ಸೆಮಿಸ್ಟರಿಗೆ ಬಂದಿದೆ. ಈ ಎರಡು ವರ್ಷಗಳಲ್ಲಿ ನಾನು ಹೇಗೆ ಬೆಳೆದೆ ಎಂದು ಬರೆದು ಕೊಡಬೇಕಂತೆ. ಕಲಿತ ಸಾಫ್ಟ್‌ವೇರುಗಳ ಹೆಸರು ಬರೆದೆ, ಅರ್ಧ ಪುಟಕ್ಕೆ ಮುಗಿಯಿತು. "ಇಷ್ಟಕ್ಕೆ ಎರಡು ವರ್ಷ ಬೇಕಾಯಿತಾ?" ಎಂದು ಅತ್ತೆ ಕೇಳಿದರು. ನನಗೂ ಹಾಗೆಯೇ ಅನಿಸತೊಡಗಿದೆ. ನೀವೂ ಇದೇ ಓದು ಮುಗಿಸಿದವರಲ್ಲವೇ, ಏನು ಬರೆದಿರಿ?
— ಓದುಗರೊಬ್ಬರು, ಮುಳ್ಳೇರಿಯ

ಉತ್ತರ: ನಾನು ಮೊದಲು ಬರೆದದ್ದೂ ಅಂಥದೇ ಪಟ್ಟಿ. ನನ್ನ ಮಾರ್ಗದರ್ಶಕಿ ಅದನ್ನು ಹಿಂದೆ ಕಳಿಸಿದರು. "ಇದು ಕಂಪ್ಯೂಟರಿನ ಕಥೆಯಾಯಿತು, ನಿಮ್ಮದೆಲ್ಲಿ?" ಎಂದು ಬದಿಯಲ್ಲಿ ಬರೆದಿದ್ದರು. ಎರಡು ದಿನ ಬೇಸರದಲ್ಲಿದ್ದು, ಆಮೇಲೆ ಸುರಂಗದ ಪಾಠದ ಬಗ್ಗೆ ಬರೆದೆ. ಅದನ್ನೇ ನಿಮಗೂ ಹೇಳುತ್ತೇನೆ.

ಈ ಓದಿಗೆ ಸೇರಿದಾಗ ನನಗೆ 46 ವರ್ಷ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ, 2020ರ ಜೂನ್ 1ರಂದು ಕೇರಳ ಸರಕಾರದ ಶಿಕ್ಷಣ ಚಾನೆಲ್ ವಿಕ್ಟರ್ಸ್‌ನಲ್ಲಿ 'ಫಸ್ಟ್ ಬೆಲ್' ಎಂಬ ಟಿವಿ ಪಾಠಗಳು ಶುರುವಾದವು, ಕನ್ನಡ ಮಾಧ್ಯಮಕ್ಕೂ ಪಾಠಗಳು ತಯಾರಾದವು. ಪಾಠ ಇತ್ತು, ನನ್ನ ಕೆಲವು ಮಕ್ಕಳಿಗೆ ಅದನ್ನು ನೋಡುವ ದಾರಿ ಇರಲಿಲ್ಲ. ಮನೆಯ ಒಂದೇ ಫೋನು ಅಪ್ಪನ ಜೊತೆ ಕೆಲಸಕ್ಕೆ ಹೋಗುತ್ತಿತ್ತು. ರೇಂಜ್ ಸಿಗಬೇಕಾದರೆ ಗುಡ್ಡ ಹತ್ತಬೇಕು, ಅದೂ ಆಟಿ ತಿಂಗಳ ಮಳೆಯಲ್ಲಿ. ಏನಾದರೂ ಮಾಡಲೇಬೇಕೆಂಬ ಹಟದಲ್ಲಿ ಓದಲು ಹೊರಟವಳು ನಾನು.

ಶಾಲೆ ತೆರೆದ ಮೇಲೆ ಆರನೇ ಕ್ಲಾಸಿಗೆ ಅಂತರ್ಜಲದ ಬಗ್ಗೆ ಒಂದು ವಿಡಿಯೊ ಮಾಡಿದೆ. ನಮ್ಮ ಕಡೆಯ ಸುರಂಗವನ್ನೇ ಆರಿಸಿಕೊಂಡೆ. (ಘಟ್ಟದ ಮೇಲಿನ ಓದುಗರಿಗಾಗಿ: ಸುರಂಗವೆಂದರೆ ಮುರಕಲ್ಲಿನ, ಅಂದರೆ ಜಂಬಿಟ್ಟಿಗೆಯ, ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಬಾವಿ. ಒಳಗೆ ಒಸರುವ ನೀರು ತಾನಾಗಿ ಹರಿದು ಹೊರಗೆ ಬರುತ್ತದೆ, ಪಂಪು ಬೇಡ.) 11 ನಿಮಿಷದ ವಿಡಿಯೊ. ಹಿಂದಿನಿಂದ ಚೆಂಡೆಯ ಸದ್ದು, ಪರದೆ ತುಂಬ ಅಕ್ಷರ, ಆ ಅಕ್ಷರಗಳನ್ನೇ ಓದುವ ನನ್ನ ದನಿ. ಮಕ್ಕಳು ಚಪ್ಪಾಳೆ ತಟ್ಟಿದರು. ಮರುದಿನ, "ಸುರಂಗಕ್ಕೆ ನೀರು ಎಲ್ಲಿಂದ ಬರುತ್ತದೆ?" ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗ ಎದ್ದು ನಿಂತು, "ಗುಡ್ಡದ ಆಚೆ ಹೊಳೆ ಉಂಟು ಟೀಚರ್, ಅಲ್ಲಿವರೆಗೆ ತೂತು ಮಾಡಿದ್ದು" ಅಂದ. ಉಳಿದವರೂ ಹೌದೆಂದು ತಲೆಯಾಡಿಸಿದರು. ಅವನ ಮನೆಯಲ್ಲಿ ಕುಡಿಯುವುದೇ ಸುರಂಗದ ನೀರು.

ಅದೇ ವಾರ ನಮಗೆ ಅಮೆರಿಕದ ಮನಃಶಾಸ್ತ್ರಜ್ಞ ರಿಚರ್ಡ್ ಮೇಯರ್ ಅವರ ಸಂಶೋಧನೆ ಓದಲಿಕ್ಕಿತ್ತು. ಚಿತ್ರ ತೋರಿಸಿ ಮಾತಾಡುವಾಗ ಅದೇ ಮಾತನ್ನು ಅಕ್ಷರದಲ್ಲೂ ಹಾಕಿದರೆ ಕಲಿಕೆಗೆ ತೊಡಕು, ಪಾಠಕ್ಕೆ ಸಂಬಂಧವಿಲ್ಲದ ಸಂಗೀತವೂ ತೊಡಕೇ ಎಂದು ಅವರು ಪ್ರಯೋಗ ಮಾಡಿ ತೋರಿಸಿದ್ದಾರೆ. ನಾನು ಮೂರು ರಾತ್ರಿ ನಿದ್ದೆಗೆಟ್ಟು ಸೇರಿಸಿದ್ದೆಲ್ಲ ಅದೇ.

ಚೆಂಡೆ ತೆಗೆದೆ. ಅಕ್ಷರ ತೆಗೆದೆ. 'ಅಂತರ್ಜಲ', 'ರಂಧ್ರ' ಎಂಬ ಎರಡು ಪದ ಮಾತ್ರ ಉಳಿಸಿದೆ. ಮನೆಯಲ್ಲಿ ತುಳುವೋ ಮಲಯಾಳವೋ ಆಡುವ ಮಕ್ಕಳಿಗೆ ಶಾಲೆಯ ಕನ್ನಡದ ಹೊಸ ಪದ ಕಣ್ಣಿಗೂ ಕಾಣಬೇಕು; ಈ ವಿಷಯದಲ್ಲಿ ನಾನು ಪುಸ್ತಕಕ್ಕಿಂತ ನನ್ನ ಕ್ಲಾಸನ್ನೇ ಹೆಚ್ಚು ನಂಬುತ್ತೇನೆ. ವಿಡಿಯೊ 3 ನಿಮಿಷಕ್ಕೆ ಇಳಿಯಿತು. ಸುರಂಗದೊಳಗೆ ಟಾರ್ಚ್ ಬೆಳಕಿನಲ್ಲಿ ಹನಿ ಬೀಳುವ ದೃಶ್ಯ ಬಂದಾಗ ನಿಲ್ಲಿಸಿ, "ಮಳೆ ಬಿಟ್ಟು ನಾಲ್ಕು ತಿಂಗಳಾಯಿತು, ಈ ಹನಿ ಎಲ್ಲಿಯದು?" ಎಂದೆ. ಎರಡು ತೆಂಗಿನ ಗೆರಟೆಗಳ ಮೇಲೆ ಮುರಕಲ್ಲಿನ ತುಂಡೊಂದನ್ನು ಇಟ್ಟು, ಅದೇ ಹುಡುಗನ ಕೈಗೆ ಚೊಂಬು ಕೊಟ್ಟೆ. ಅವನು ಮೆಲ್ಲ ಹೊಯ್ದ. ಕಲ್ಲು ನೀರು ಕುಡಿಯುತ್ತ ಹೋಯಿತು. ಎಲ್ಲರೂ ಬಗ್ಗಿ ನೋಡುತ್ತಿದ್ದರು. ಸ್ವಲ್ಪ ಹೊತ್ತಿನಲ್ಲಿ ಅಡಿಯ ಒಂದು ತೂತಿನಲ್ಲಿ ಹನಿ ಮೂಡಿತು, ದಪ್ಪವಾಯಿತು, ಬಿತ್ತು. "ಗುಡ್ಡವೇ ಹಿಡಿದಿಟ್ಟುಕೊಂಡದ್ದಾ!" ಅಂದ. ಅವನು ಹಾಗೆ ಅಂದದ್ದನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ.

1983ರಲ್ಲಿ ರಿಚರ್ಡ್ ಕ್ಲಾರ್ಕ್ ಎಂಬ ಶಿಕ್ಷಣ ಸಂಶೋಧಕರು ಪಾಠ ತಲುಪಿಸುವ ಮಾಧ್ಯಮವನ್ನು (ವಿಡಿಯೊ, ಟಿವಿಯಂಥವನ್ನು) ಜೀನಸು ತರುವ ಲಾರಿಗೆ ಹೋಲಿಸಿದ್ದರು: ಊಟದ ಸತ್ವ ಲಾರಿಯಿಂದ ಹೆಚ್ಚುವುದಿಲ್ಲ. ಹೊಳೆಯ ಉತ್ತರ ಕೇಳಿದ ದಿನ ಅವರ ಮಾತು ಪೂರ್ತಿ ಸರಿ ಅನಿಸಿತ್ತು. ಆಮೇಲೆ ಇನ್ನೊಬ್ಬ ಸಂಶೋಧಕ ರಾಬರ್ಟ್ ಕೋಜ್ಮಾ ಅವರ ಎದುರುವಾದ ಓದಿದೆ. ಒಂದೊಂದು ಮಾಧ್ಯಮಕ್ಕೂ ಅದರದೇ ಶಕ್ತಿ ಇದೆ, ಅದನ್ನು ಅರಿತು ಪಾಠ ಕಟ್ಟಿದರೆ ಕಲಿಕೆಯೂ ಬದಲಾಗುತ್ತದೆ ಎನ್ನುತ್ತಾರೆ ಅವರು. ನಿಜ, ಇಡೀ ಕ್ಲಾಸನ್ನು ಸುರಂಗದೊಳಗೆ ಕರೆದುಕೊಂಡು ಹೋಗಲು ಸಾಧ್ಯವಿಲ್ಲ, ಕ್ಯಾಮರಾ ಹೋಗಬಲ್ಲದು. ಈಗ ನನ್ನ ಮನಸ್ಸು ಕೋಜ್ಮಾ ಕಡೆಗಿದೆ. ಹೀಗೆ ಅಭಿಪ್ರಾಯ ಬದಲಾದದ್ದನ್ನು ಮುಚ್ಚಿಡದೆ ಬರೆದೆ. ಮಾರ್ಗದರ್ಶಕಿ ಅಡಿಗೆರೆ ಹಾಕಿದ್ದು ಅದೇ ಪುಟಕ್ಕೆ.

ನೀವೂ ಮೊದಲ ಸೆಮಿಸ್ಟರಿನ ಅಸೈನ್‌ಮೆಂಟ್ ತೆರೆಯಿರಿ. ನಾಚಿಕೆಯಾದರೂ ತಿದ್ದಬೇಡಿ, ಇತ್ತೀಚಿನದರ ಪಕ್ಕದಲ್ಲಿ ಹಾಗೆಯೇ ಇಡಿ. ಏನನ್ನು ತೆಗೆದಿರಿ, ಯಾವ ಮಗುವಿನ ಯಾವ ಮಾತು ಕೇಳಿ ತೆಗೆದಿರಿ ಎಂದು ಬರೆಯಿರಿ. ಮಗು ತುಳುವಿನಲ್ಲಿ ಹೇಳಿದ್ದರೆ ತುಳುವಿನಲ್ಲೇ ಇರಲಿ. ಹಳೆಯ ಫೈಲು 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾದರೆ ಶಾಲೆಯ ಲಿನಕ್ಸ್ ಲ್ಯಾಪ್‌ಟಾಪಿನಲ್ಲಿ ಇಂಗ್ಲಿಷ್ ಅಕ್ಷರಗಳ ಗೋಜಲಾಗಿ ಕಾಣಬಹುದು. ಹಾಳಾಯಿತೆಂದು ಅಳಿಸಬೇಡಿ, ಎಲ್ಲ ಕಂಪ್ಯೂಟರಿಗೂ ತಿಳಿಯುವ ಯುನಿಕೋಡ್ ಅಕ್ಷರಕ್ಕೆ ಬದಲಾಯಿಸಿದರೆ ಓದಲು ಬರುತ್ತದೆ.

ಅತ್ತೆಯವರಿಗೆ ಹಳೆಯ ಪಾಠ, ಹೊಸ ಪಾಠ ಎರಡನ್ನೂ ತೋರಿಸಿ, ಯಾವುದು ತಿಳಿಯಿತು ಎಂದು ಕೇಳಿ. ಅವರು ಹೇಳಿದ್ದನ್ನೂ ಪ್ರಬಂಧಕ್ಕೆ ಸೇರಿಸಿ.

ಪ್ರಶ್ನೆ: ಬಿಎಡ್ ಮುಗಿಸಿದ್ದೇನೆ. ಈ ವಿಷಯ ಓದಲು ಕೋಡಿಂಗ್ ಬರಬೇಕಾ ಟೀಚರ್?
— ಪೈವಳಿಕೆಯಿಂದ ಓದುಗ

ಉತ್ತರ: ನನಗೆ ಬರುತ್ತಿರಲಿಲ್ಲ, ಅದರಿಂದ ಓದು ನಿಲ್ಲಲಿಲ್ಲ. ಮುಂದೆ ಐಐಟಿ ಬಾಂಬೆಯಂಥ ಕಡೆ ಇದೇ ವಿಷಯದಲ್ಲಿ ಪಿಎಚ್‌ಡಿ ಮಾಡುವ ಆಸೆ ಇದ್ದರೆ ಅಲ್ಲಿಯ ಅರ್ಹತೆಯ ನಿಯಮಗಳನ್ನು ಈಗಲೇ ಓದಿಕೊಳ್ಳಿ. ಬಿಎಡ್‌ನ ಪಾಠಯೋಜನೆಯ ಪುಸ್ತಕಗಳನ್ನು ಮಾತ್ರ ಗುಜರಿಗೆ ಹಾಕಬೇಡಿ, ಮೊದಲ ಸೆಮಿಸ್ಟರಿಗೇ ಬೇಕಾಗುತ್ತವೆ.