ಅಚ್ಚನ್ನು ಹಿಡಿದಿಡುವ ಕೋಲುಗಳು

ಪ್ರಶ್ನೆ: ನಮ್ಮಲ್ಲಿ ಮೊದಲು ಪಟ್ಟಿ ಸ್ಪ್ರಿಂಗಿನ ಹಳೆಯ ಜೀಪು ಇತ್ತು. ಈಗ ಹೊಸ ಮಾದರಿಯ ಥಾರ್ ಕೊಂಡಿದ್ದೇವೆ. ಹಿಂಬದಿಯಲ್ಲಿ ಬಗ್ಗಿ ನೋಡಿದರೆ ಪಟ್ಟಿಗಳೇ ಇಲ್ಲ, ಕಾಯಿಲ್ ಸ್ಪ್ರಿಂಗಿನ ಜೊತೆ ಕೆಲವು ಕಬ್ಬಿಣದ ಕೋಲುಗಳಷ್ಟೇ ಕಾಣುತ್ತವೆ. ‘ಮಲ್ಟಿಲಿಂಕ್’ ಎಂದರೆ ಇದೇ ಏನು? ತೊಗರಿ ಹೊಲದ ದಾರಿಗೆ ಇದು ತಾಳೀತೆ?
– ರೈತರೊಬ್ಬರು, ಜೇವರ್ಗಿ ತಾಲ್ಲೂಕು

ಉತ್ತರ: ಹೌದು, ಇದೇ. ಮೊದಲು ತಿಳಿಯಬೇಕಾದದ್ದು, ಆ ಕೋಲುಗಳು ಗಾಡಿಯ ಭಾರವನ್ನು ಹೊರುವುದಿಲ್ಲ ಎಂಬುದು. ಭಾರ ಹೊರುವುದು ಕಾಯಿಲ್ ಸ್ಪ್ರಿಂಗಿನ ಕೆಲಸ. ಅಚ್ಚು, ಅಂದರೆ ಗ್ಯಾರೇಜಿನವರು ಹೌಸಿಂಗ್ ಎನ್ನುವ ಭಾಗ, ಎತ್ತ ಸರಿಯಬಹುದು, ಎತ್ತ ಸರಿಯಬಾರದು ಎಂಬುದನ್ನು ನಿರ್ಧರಿಸುವುದು ಕೋಲುಗಳ ಕೆಲಸ. ನಿಮ್ಮ ಹಳೆಯ ಜೀಪಿನಲ್ಲಿ ಈ ಎರಡನ್ನೂ ಪಟ್ಟಿಗಳೇ ಮಾಡುತ್ತಿದ್ದವು. ಭಾರ ಹೊರಲು ಮೆತ್ತಗಿರಬೇಕು, ಅಚ್ಚನ್ನು ತಿರುಚದಂತೆ ಹಿಡಿಯಲು ಗಟ್ಟಿಯಿರಬೇಕು. ಒಂದೇ ವಸ್ತುವಿಗೆ ಎರಡೂ ಸಾಧ್ಯವಿಲ್ಲದ್ದರಿಂದ ಪಟ್ಟಿಗಳನ್ನು ಗಟ್ಟಿಯಾಗಿಯೇ ಮಾಡುತ್ತಿದ್ದರು, ಅದರ ಫಲವನ್ನು ನಮ್ಮ ಸೊಂಟಗಳು ಉಂಡವು. ಅಷ್ಟಾದರೂ ಕೆಸರಿನಲ್ಲಿ ಜೋರಾಗಿ ಆಕ್ಸಿಲರೇಟರ್ ಒತ್ತಿದಾಗ ಪಟ್ಟಿಯೇ ಹಾವಿನಂತೆ ಬಾಗಿ, ಚಕ್ರ ಪುಟಿಯುತ್ತಿದ್ದುದನ್ನು ನೀವು ನೋಡಿರಬಹುದು.

ಚಕ್ರ ಮುಂದಕ್ಕೆ ಉರುಳುವಾಗ ಹೌಸಿಂಗ್ ಅದರ ವಿರುದ್ಧ ದಿಕ್ಕಿಗೆ ತಿರುಗಲು ಹವಣಿಸುತ್ತದೆ. ಅಚ್ಚಿಗೆ ಕೆಳಗೆರಡು, ಮೇಲೆರಡು ಉದ್ದ ಕೋಲುಗಳನ್ನು ಕೊಟ್ಟರೆ, ಮೇಲಿನವು ಹೌಸಿಂಗಿನ ತಲೆ ಹಿಂದಕ್ಕೆ ವಾಲದಂತೆ ಎಳೆದು ಹಿಡಿಯುತ್ತವೆ, ಕೆಳಗಿನವು ಗಾಡಿಯನ್ನು ಮುಂದಕ್ಕೆ ದಬ್ಬುತ್ತವೆ. ಬ್ರೇಕ್ ಹಾಕಿದಾಗ ಇದು ತಿರುವುಮುರುವಾಗುತ್ತದೆ: ಮೇಲಿನ ಕೋಲುಗಳ ಮೇಲೆ ಒತ್ತಡ, ಕೆಳಗಿನವುಗಳಲ್ಲಿ ಎಳೆತ. ಅಡ್ಡಕ್ಕೆ ಸರಿಯದಂತೆ ಹಿಡಿಯಲು ಐದನೆಯ ಕೋಲೊಂದು ಬೇಕು. ಎಲ್ಲ ವಾಹನಗಳಲ್ಲೂ ಲೆಕ್ಕ ಐದೇ ಎಂದಲ್ಲ. ಮಾರುತಿ ಜಿಮ್ನಿಯ ಒಂದೊಂದು ಅಚ್ಚಿಗೂ ಎರಡು ಉದ್ದ ತೋಳು ಮತ್ತು ಒಂದು ಅಡ್ಡ ಕೋಲು, ಮೂರೇ ಇವೆ. ಒಂದೊಂದು ತೋಳೂ ಹೌಸಿಂಗನ್ನು ಎರಡೆರಡು ಕಡೆ ಹಿಡಿಯುವುದರಿಂದ ಮೇಲಿನ ಕೋಲುಗಳ ಅಗತ್ಯ ಬೀಳುವುದಿಲ್ಲ, ಆದರೆ ಒಂದು ಚಕ್ರ ಏರಿ ಇನ್ನೊಂದು ಇಳಿದಾಗ ಅಲ್ಲಿನ ಕೀಲುಗಳಲ್ಲಿ ಕೂರಿಸಿದ ರಬ್ಬರ್ ಬುಷ್‌ಗಳು ಹೆಚ್ಚು ತಿರುಚಿಕೊಳ್ಳಬೇಕಾಗುತ್ತದೆ.

ಇನ್ನು ನಿಮ್ಮ ಹೊಲದ ದಾರಿ. ಮಳೆಗಾಲದಲ್ಲಿ ಎರೆಮಣ್ಣಿನಲ್ಲಿ ಚಕ್ಕಡಿ ಓಡಾಡಿ ಬಿದ್ದ ಜಾಡು ಬೇಸಿಗೆಯಲ್ಲಿ ಕಲ್ಲಿನಂತೆ ಗಟ್ಟಿಯಾಗಿ ನಿಲ್ಲುತ್ತದೆ. ಒಂದು ಚಕ್ರ ಜಾಡಿಗೆ ಇಳಿದು ಇನ್ನೊಂದು ದಿಬ್ಬ ಹತ್ತಿದಾಗ ಚಕ್ಕಡಿಯಲ್ಲಿ ಅಚ್ಚಿನೊಂದಿಗೆ ಇಡೀ ಗಾಡಿಯೇ ವಾಲುತ್ತದೆ. ನಿಮ್ಮ ವಾಹನದಲ್ಲಾದರೋ ಅಚ್ಚು ಮಾತ್ರ ತಕ್ಕಡಿಯ ದಂಡಿಗೆಯಂತೆ ಓರೆಯಾಗುತ್ತದೆ, ಏರಿದ ಚಕ್ರ ಇಳಿದ ಚಕ್ರವನ್ನು ನೆಲಕ್ಕೆ ಒತ್ತುತ್ತದೆ. ಇದು ಸುಖಕ್ಕಷ್ಟೇ ಸಂಬಂಧಿಸಿದ ಮಾತಲ್ಲ. ಚಕ್ರ ಗಾಳಿಯಲ್ಲಿ ತೂಗಿದರೆ, ಎಂಜಿನ್ನಿನ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಡಿಫರೆನ್ಷಿಯಲ್, ಅದಕ್ಕೆ ಲಾಕ್ ಇಲ್ಲದಿದ್ದರೆ, ಆ ಚಕ್ರವನ್ನೇ ಸುಮ್ಮನೆ ತಿರುಗಿಸುತ್ತದೆ, ಗಾಡಿ ನಿಂತಲ್ಲೇ ನಿಲ್ಲುತ್ತದೆ. ಹೀಗಾಗಿ ಗಟ್ಟಿ ಜಾಡಿಗೆ ಈ ವ್ಯವಸ್ಥೆ ಧಾರಾಳವಾಗಿ ತಾಳುತ್ತದೆ. ಹಸಿ ಎರೆಯ ಮಾತು ಬೇರೆ: ಟೈರಿನ ಹಲ್ಲುಗಳ ನಡುವೆ ಮಣ್ಣು ಮೆತ್ತಿ ಚಕ್ರ ನುಣ್ಣಗಾದ ಮೇಲೆ ಯಾವ ಸಸ್ಪೆನ್ಷನ್ನೂ ನೆರವಿಗೆ ಬಾರದು.

ಒಂದು ಎಚ್ಚರಿಕೆ. 1982ರ ಮರ್ಸಿಡಿಸ್ ಬೆಂಝ್ 190ರಂಥ ಕಾರುಗಳ ಮಲ್ಟಿಲಿಂಕ್ ಬೇರೆ ಜಾತಿಯದು. ಅಲ್ಲಿ ಹಿಂದಿನ ಒಂದೊಂದು ಚಕ್ರಕ್ಕೂ ಪ್ರತ್ಯೇಕ ಕೋಲುಗಳಿವೆ, ಎರಡನ್ನೂ ಜೋಡಿಸುವ ಗಟ್ಟಿ ಅಚ್ಚು ಇಲ್ಲ. ಹೆಸರೊಂದೇ ಎಂದು ಗುಣವನ್ನೂ ಒಂದೇ ಎಂದು ಎಣಿಸಬಾರದು.

ಪ್ರಶ್ನೆ: ಅಡ್ಡ ಕೋಲಿನ ಬದಲು ಸ್ಕಾರ್ಪಿಯೋ-ಎನ್‌ನಲ್ಲಿ ‘ವ್ಯಾಟ್ಸ್ ಲಿಂಕೇಜ್’ ಇದೆಯಂತೆ. ಇವೆರಡರ ವ್ಯತ್ಯಾಸವೇನು?
– ಶಿಕ್ಷಕರೊಬ್ಬರು, ಬೀದರ್

ಉತ್ತರ: ಅಡ್ಡ ಕೋಲಿಗೆ ಪ್ಯಾನ್‌ಹಾರ್ಡ್ ರಾಡ್ ಎಂದು ಹೆಸರು. ಅದರ ಒಂದು ತುದಿ ಚಾಸಿಗೆ, ಅಂದರೆ ಗಾಡಿಯ ಚೌಕಟ್ಟಿಗೆ, ಮತ್ತೊಂದು ತುದಿ ಎದುರು ಬದಿಯಲ್ಲಿ ಅಚ್ಚಿಗೆ ಸೇರಿರುತ್ತದೆ. ಒಂದು ತುದಿ ಸ್ಥಿರವಾಗಿರುವ ಕೋಲಿನ ಇನ್ನೊಂದು ತುದಿ ಕಂಸದಲ್ಲಿ ಚಲಿಸುವುದರಿಂದ ಅಚ್ಚು ಏರಿಳಿಯುವಾಗ ತುಸು ಪಕ್ಕಕ್ಕೂ ಸರಿಯುತ್ತದೆ. ಕೋಲು 900 ಮಿ.ಮೀ. ಉದ್ದವಿದ್ದು, ಮೊದಲು ನೆಲಕ್ಕೆ ಸಮಾನಾಂತರವಾಗಿತ್ತು ಎಂದುಕೊಳ್ಳಿ. ಅಚ್ಚು 100 ಮಿ.ಮೀ. ಏರಿದರೆ ಪಕ್ಕಕ್ಕೆ ಸರಿಯುವುದು ಸುಮಾರು ಐದೂವರೆ ಮಿ.ಮೀ. ನಿಮ್ಮ ವಿದ್ಯಾರ್ಥಿಗಳು ಪೈಥಾಗೊರಸ್ ಪ್ರಮೇಯದಿಂದ ಇದನ್ನು ತಾಳೆ ನೋಡಬಹುದು. ಉಗಿ ಯಂತ್ರಕ್ಕಾಗಿ ಜೇಮ್ಸ್ ವ್ಯಾಟ್ 1784ರಲ್ಲಿ ಪೇಟೆಂಟ್ ಪಡೆದ ಜೋಡಣೆಯಲ್ಲಿ ಎದುರುಬದುರಾದ ಎರಡು ಕೋಲುಗಳು ನಡುವಿನ ತಿರುಗುವ ತುಂಡೊಂದಕ್ಕೆ ಸೇರುತ್ತವೆ. ಒಂದರ ಓರೆಯನ್ನು ಇನ್ನೊಂದು ಸರಿದೂಗಿಸುವುದರಿಂದ ನಡುಬಿಂದು ಬಹುತೇಕ ನೇರವಾಗಿ ಏರಿಳಿಯುತ್ತದೆ. ಹುಮನಾಬಾದ್ ಕಡೆಯ ಹೆದ್ದಾರಿಯಲ್ಲಿ ವೇಗವಾಗಿ ಹೋಗುವವರಿಗೆ ಇದರ ಲಾಭ ತಿಳಿದೀತು. ಗರಸಿನ ದಾರಿಯಲ್ಲಿ ನಿಧಾನವಾಗಿ ಸಾಗುವವರಿಗೆ, ಕೀಲುಗಳು ಕಡಿಮೆಯಿರುವ ಸಾದಾ ಅಡ್ಡ ಕೋಲೇ ಸಾಕೆಂದು ನನ್ನ ಅಭಿಪ್ರಾಯ.

ಪ್ರಶ್ನೆ: ಇಂಥ ವಾಹನಕ್ಕೆ ಉದ್ದ ಸ್ಪ್ರಿಂಗ್ ಹಾಕಿಸಿ ಎರಡು ಇಂಚು ಎತ್ತರಿಸಬೇಕೆಂದಿದ್ದೇನೆ. ಬೇರೇನೂ ಬದಲಿಸಬೇಕಿಲ್ಲ ಎಂದು ಮಿಸ್ತ್ರಿ ಹೇಳುತ್ತಾರೆ. ನಿಜವೆ?
– ಓದುಗರು, ಸುರಪುರ

ಉತ್ತರ: ನಿಜವಲ್ಲ. ಸ್ಪ್ರಿಂಗ್ ಉದ್ದವಾಯಿತು, ಕೋಲುಗಳು ಆಗಲಿಲ್ಲ. ಮೇಲಿನ ಉದಾಹರಣೆಯ ಅಡ್ಡ ಕೋಲು ಮೊದಲೇ 100 ಮಿ.ಮೀ. ಓರೆಯಾಗಿದ್ದರೆ, ಚಾಸಿಯನ್ನು ಇನ್ನೂ 50 ಮಿ.ಮೀ. ಎತ್ತಿದಾಗ ಅಚ್ಚು ಏಳು ಮಿ.ಮೀ.ನಷ್ಟು ಒಂದು ಬದಿಗೆ ಸರಿದು ಅಲ್ಲಿಯೇ ನಿಲ್ಲುತ್ತದೆ. ಅದನ್ನು ಸರಿಪಡಿಸಲು ಉದ್ದ ಹೊಂದಿಸಬಹುದಾದ ಅಡ್ಡ ಕೋಲು ಬೇಕು. ಹೌಸಿಂಗಿನ ಮೂತಿಯ ಕೋನ ಬದಲಾದರೆ, ಎಂಜಿನ್ನಿನ ಬಲವನ್ನು ಅಲ್ಲಿಗೆ ತರುವ ಪ್ರೊಪೆಲ್ಲರ್ ಶಾಫ್ಟ್ ನಡುಗುತ್ತದೆ, ಬ್ರೇಕಿನ ಹೋಸ್ ಪೈಪ್ ಎಳೆದು ಬಿಗಿಯಾಗಬಹುದು. ಇಷ್ಟರ ಮೇಲೂ ಎತ್ತರಿಸುವುದಾದರೆ, ಕೋಲುಗಳ ಬೋಲ್ಟುಗಳನ್ನು ಗಾಡಿ ಜ್ಯಾಕ್ ಮೇಲಿರುವಾಗ ಬಿಗಿಸಲು ಬಿಡಬೇಡಿ. ಚಕ್ರಗಳು ನೆಲದ ಮೇಲಿದ್ದು ಪೂರ್ಣ ಭಾರ ಬಿದ್ದಾಗಲೇ ಬಿಗಿಸಬೇಕು. ಇಲ್ಲದಿದ್ದರೆ ರಬ್ಬರ್ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗನೆ ಹರಿಯುತ್ತದೆ, ಆಮೇಲೆ ಪ್ರತಿ ಗುಂಡಿಗೂ ಕಟಕಟ ಸದ್ದು ಶುರುವಾಗುತ್ತದೆ.