ಎಸ್‌ಎಂಪಿಎಸ್‌ನಲ್ಲಿ ಉಬ್ಬಿದ ಕೆಪಾಸಿಟರ್ ನಾವೇ ಬದಲಾಯಿಸಬಹುದಾ?

ನಿಮ್ಮ ಪ್ರಶ್ನೆ ನನಗೆ ಅರ್ಥ ಆದದ್ದು ಹೀಗೆ. ಡೆಸ್ಕ್‌ಟಾಪ್ ಹಳೆಯದು. ಬೆಳಿಗ್ಗೆ ಪವರ್ ಬಟನ್ ನಾಲ್ಕೈದು ಸಲ ಒತ್ತಿದ ಮೇಲೆ ಸ್ಟಾರ್ಟ್ ಆಗುತ್ತದೆ, ಒಮ್ಮೆ ಆದರೆ ಸಂಜೆವರೆಗೆ ಏನೂ ತೊಂದರೆ ಇಲ್ಲ. ಎಸ್‌ಎಂಪಿಎಸ್, ಅಂದರೆ ಕಂಪ್ಯೂಟರಿಗೆ ಕರೆಂಟ್ ಕೊಡುವ ಪವರ್ ಸಪ್ಲೈ ಪೆಟ್ಟಿಗೆ, ಬಿಚ್ಚಿದಾಗ ಎರಡು ಕೆಪಾಸಿಟರ್‌ಗಳ (ಚಾರ್ಜ್ ಹಿಡಿದಿಡುವ ಡಬ್ಬಿಯಂಥ ಬಿಡಿಭಾಗ) ತಲೆ ಉಬ್ಬಿರುವುದು ಕಂಡಿತು. ಆ ಎರಡನ್ನು ನಾನೇ ತೆಗೆದು ಹೊಸತು ಹಾಕಬಹುದಾ ಅಂತ ಕೇಳಿದ್ದೀರಿ.

ಹಾಕಬಹುದು. ಆದರೆ ಆ ಎರಡನ್ನು ಮಾತ್ರ ಹಾಕಿ ನಿಲ್ಲಿಸಬೇಡಿ. ಈ ಒಂದು ಮಾತಿಗಾಗಿಯೇ ಇಷ್ಟುದ್ದ ಬರೆಯುತ್ತಿದ್ದೇನೆ.

ನನ್ನದು ಕುಂಬಳೆ ಹತ್ತಿರ ಸಣ್ಣ ಡಿಟಿಪಿ ಅಂಗಡಿ. ಮದುವೆ ಕಾಗದ, ದೇವಸ್ಥಾನದ ಉತ್ಸವದ ಆಮಂತ್ರಣ, ಕನ್ನಡ ಶಾಲೆಗಳ ಪ್ರಶ್ನೆಪತ್ರಿಕೆ, ಇವೇ ಕೆಲಸ. ಹಳೆ ಫೈಲುಗಳೆಲ್ಲ ಯುನಿಕೋಡ್ ಅಲ್ಲದ ಫಾಂಟುಗಳಲ್ಲಿ, ಪೇಜ್‌ಮೇಕರ್‌ನಲ್ಲಿ ಇವೆ. ಅವು ಅಕ್ಷರ ಒಡೆಯದೆ ತೆರೆಯಬೇಕಾದರೆ ವಿಂಡೋಸ್ ಎಕ್ಸ್‌ಪಿ ಇರುವ ಆ ಹಳೆ ಕಂಪ್ಯೂಟರೇ ಬೇಕು. ಅದಕ್ಕೇ ಹೊಸತು ತಗೊಳ್ಳಿ ಅಂತ ನಿಮಗೆ ನಾನು ಹೇಳುವುದಿಲ್ಲ. ಹಳೆ ಮೆಷಿನ್ ಉಳಿಸಿಕೊಳ್ಳಲು ಒಬ್ಬೊಬ್ಬರಿಗೆ ಒಂದೊಂದು ಕಾರಣ ಇರುತ್ತದೆ.

ಕೆಲವು ವರ್ಷಗಳ ಹಿಂದೆ, ಆಟಿಯ ಜಡಿಮಳೆಯಲ್ಲಿ, ನನ್ನ ಮೆಷಿನಿಗೂ ಇದೇ ಕಾಯಿಲೆ ಬಂತು. 5 ವೋಲ್ಟ್ ಲೈನಿನಲ್ಲಿ ಮೂರು ಕೆಪಾಸಿಟರ್ ಉಬ್ಬಿದ್ದವು. ಮೂರನ್ನೂ ಬದಲಾಯಿಸಿದೆ, ಮೊದಲ ಸಲಕ್ಕೇ ಸ್ಟಾರ್ಟ್ ಆಯಿತು, ತುಂಬಾ ಖುಷಿಯಾಯಿತು. ಎರಡು ತಿಂಗಳು ಕಳೆದು ಒಂದು ಬೆಳಿಗ್ಗೆ ಗೋಡೆಯ ಸ್ವಿಚ್ ಹಾಕಿದ್ದೇ ತಡ, ಪವರ್ ಬಟನ್ ಮುಟ್ಟುವ ಮೊದಲೇ ಮದರ್‌ಬೋರ್ಡಿನಿಂದ ಸುಟ್ಟ ವಾಸನೆ. ಬೋರ್ಡ್ ಹೋಗಿಯೇ ಹೋಯಿತು. ಎಸ್‌ಎಂಪಿಎಸ್ ಒಂದನ್ನೇ ಬೇರೆ ಮಾಡಿ ನೇರಳೆ ವಯರಿಗೆ (ಕಂಪ್ಯೂಟರ್ ಆಫ್ ಇದ್ದರೂ ಬರುವ ಸ್ಟ್ಯಾಂಡ್‌ಬೈ 5 ವೋಲ್ಟ್ ಇದರಲ್ಲಿ) ಮೀಟರ್ ಹಿಡಿದರೆ 5 ಇರಬೇಕಾದಲ್ಲಿ 8 ದಾಟಿತ್ತು. ಕಾರಣ ಹುಡುಕಿದಾಗ ಸಿಕ್ಕಿದ್ದು 22 ಮೈಕ್ರೋಫ್ಯಾರಡ್, 50 ವೋಲ್ಟಿನ ಒಂದು ಪುಟ್ಟ ಕೆಪಾಸಿಟರ್. ಗೇರುಬೀಜದಷ್ಟೂ ದಪ್ಪ ಇಲ್ಲ. ತಲೆ ಉಬ್ಬಿರಲಿಲ್ಲ, ಸೋರಿರಲಿಲ್ಲ, ನೋಡಲು ಹೊಸದರ ಹಾಗೇ ಇತ್ತು. ಒಳಗೆ ಪೂರ್ತಿ ಒಣಗಿತ್ತು.

ಹೀಗಾಗಲು ಕಾರಣ ಇದೆ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಒಳಗೆ ಅಲ್ಯೂಮಿನಿಯಂ ಹಾಳೆ ಮತ್ತು ದ್ರವದಲ್ಲಿ ನೆನೆದ ಕಾಗದ ಸುತ್ತಿಟ್ಟಿರುತ್ತಾರೆ. ಬಿಸಿಗೆ ಆ ದ್ರವ ನಿಧಾನಕ್ಕೆ ಆರುತ್ತದೆ. 10 ಡಿಗ್ರಿ ಬಿಸಿ ಹೆಚ್ಚಾದರೆ ಆಯುಷ್ಯ ಸುಮಾರು ಅರ್ಧ ಆಗುತ್ತದೆ ಅಂತ ಲೆಕ್ಕ. ದ್ರವ ಕಡಿಮೆಯಾದ ಹಾಗೆ ಒಳಗಿನ ತಡೆ, ಅಂದರೆ ಇಎಸ್‌ಆರ್, ಏರುತ್ತದೆ. ತಣ್ಣಗಿರುವಾಗ ಈ ತಡೆ ಇನ್ನೂ ಜಾಸ್ತಿ. ನಿಮ್ಮ ಮೆಷಿನ್ ಬೆಳಿಗ್ಗೆ ಹಠ ಮಾಡಿ, ಬಿಸಿಯಾದ ಮೇಲೆ ಸರಿ ಇರುವುದು ಅದಕ್ಕೇ. ಇನ್ನು ಆ ಪುಟ್ಟದು ಇರುವುದು ಸ್ಟ್ಯಾಂಡ್‌ಬೈ ಸರ್ಕ್ಯೂಟಿನಲ್ಲಿ. ಕಂಪ್ಯೂಟರ್ ಆಫ್ ಇದ್ದರೂ ಗೋಡೆಯ ಸ್ವಿಚ್ ಆನ್ ಇದ್ದಷ್ಟು ಹೊತ್ತು ಹಗಲೂ ರಾತ್ರಿ ಅದಕ್ಕೆ ಕೆಲಸ, ಫ್ಯಾನಿನ ಗಾಳಿಯೂ ಇಲ್ಲ. ಹಳೆಯ ಅಗ್ಗದ ಎಸ್‌ಎಂಪಿಎಸ್‌ಗಳಲ್ಲಿ ಐಸಿ ಇಲ್ಲದೆ ಎರಡು ಟ್ರಾನ್ಸಿಸ್ಟರಿನಲ್ಲೇ ಸ್ಟ್ಯಾಂಡ್‌ಬೈ ಮುಗಿಸಿರುತ್ತಾರೆ. ಅಂಥದ್ದರಲ್ಲಿ ಈ ಪುಟ್ಟದು ಒಣಗಿದರೆ ವೋಲ್ಟೇಜ್ ಕಡಿಮೆ ಇದೆ ಅಂತ ಸರ್ಕ್ಯೂಟ್ ತಪ್ಪು ತಿಳಿದು ಮೇಲೆ ಮೇಲೆ ಏರಿಸುತ್ತಾ ಹೋಗುತ್ತದೆ.

ಹಾಗಾಗಿ ಔಟ್‌ಪುಟ್ ಕಡೆಯ ಎಲ್ಲ ಎಲೆಕ್ಟ್ರೋಲಿಟಿಕ್‌ಗಳು, ಜೊತೆಗೆ ಸ್ಟ್ಯಾಂಡ್‌ಬೈ ಟ್ರಾನ್ಸ್‌ಫಾರ್ಮರ್ ಸುತ್ತಮುತ್ತ ಇರುವ 10, 22, 47 ಮೈಕ್ರೋಫ್ಯಾರಡಿನ ಪುಟ್ಟವುಗಳು, ಇಷ್ಟನ್ನೂ ಒಟ್ಟಿಗೆ ಬದಲಾಯಿಸಿ. ಹತ್ತು ಹನ್ನೆರಡು ಇರಬಹುದು. ಬಿಚ್ಚಿದ ಮೇಲೆ ಅರ್ಧ ಮಾಡುವುದರಲ್ಲಿ ಅರ್ಥ ಇಲ್ಲ.

ಈಗ ಅಪಾಯದ ವಿಷಯ. ದಯವಿಟ್ಟು ಇದನ್ನು ಎರಡು ಸಲ ಓದಿ. ಒಳಗಿರುವ ದೊಡ್ಡ ಕೆಪಾಸಿಟರ್‌ಗಳು ಕರೆಂಟ್ ಬರುವ ಕಡೆಯವು. 230 ವೋಲ್ಟ್ ಎಸಿ ಡಿಸಿಯಾದಾಗ ಸುಮಾರು 325 ವೋಲ್ಟ್ ಆಗುತ್ತದೆ, ಪಿಎಫ್‌ಸಿ (ಪವರ್ ಫ್ಯಾಕ್ಟರ್ ಸರಿಪಡಿಸುವ ಸರ್ಕ್ಯೂಟ್) ಇರುವ ಎಸ್‌ಎಂಪಿಎಸ್ ಆದರೆ 380ರಿಂದ 400. ಪ್ಲಗ್ ತೆಗೆದ ಮೇಲೂ ಅದು ಒಳಗೇ ಕೂತಿರಬಹುದು. ತಾನಾಗಿ ಖಾಲಿಯಾಗಲು ರೆಸಿಸ್ಟರ್ ಹಾಕಿರುತ್ತಾರೆ ನಿಜ, ಅದು ಕೆಟ್ಟಿದ್ದರೆ ಏನು ಮಾಡುತ್ತೀರಿ? ಪ್ಲಗ್ ಕಿತ್ತು ಹತ್ತು ನಿಮಿಷ ಬಿಡಿ. ಮುಚ್ಚಳ ತೆಗೆದು, ಬೋರ್ಡಿಗೆ ಕೈ ತಾಗಿಸದೆ, ಮೀಟರನ್ನು 1000 ವೋಲ್ಟ್ ಡಿಸಿಗೆ ಇಟ್ಟು ದೊಡ್ಡದರ ಎರಡು ಕಾಲಿಗೆ ಹಿಡಿದು ನೋಡಿ. ಎರಡು ದೊಡ್ಡವು ಇದ್ದರೆ ಎರಡನ್ನೂ ನೋಡಿ. ವೋಲ್ಟೇಜ್ ಉಳಿದಿದ್ದರೆ 40 ವ್ಯಾಟಿನ ಹಳೆ ಫಿಲಮೆಂಟ್ ಬಲ್ಬ್ ಮೂಲಕ ಖಾಲಿ ಮಾಡಿ. ನಾನು ಹೋಲ್ಡರಿನ ಎರಡು ವಯರಿಗೆ ಹಳೆ ಮೀಟರಿನ ಪ್ರೋಬ್ ಕಟ್ಟಿ ಇಟ್ಟುಕೊಂಡಿದ್ದೇನೆ. ಬಲ್ಬ್ ಒಮ್ಮೆ ಮಿಂಚಿ ಆರುತ್ತದೆ. ಎಲ್‌ಇಡಿ ಬಲ್ಬ್ ಇದಕ್ಕೆ ಆಗುವುದಿಲ್ಲ. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಶಾರ್ಟ್ ಮಾಡುವವರನ್ನು ನೋಡಿದ್ದೇನೆ, ನೀವು ಮಾಡಬೇಡಿ, ಕಿಡಿ ಹಾರಿ ಕಣ್ಣಿಗೆ ಬೀಳುತ್ತದೆ. ಕೊನೆಗೆ ಮತ್ತೊಮ್ಮೆ ಅಳೆಯಿರಿ. ಮೀಟರ್ ಇಲ್ಲದಿದ್ದರೆ, ಅಥವಾ ಇಷ್ಟು ಓದಿಯೇ ಹೆದರಿಕೆಯಾದರೆ, ತಿಳಿದವರ ಹತ್ತಿರ ಮಾಡಿಸಿ. ಅದರಲ್ಲಿ ಸಂಕೋಚ ಬೇಡ.

ಕೆಪಾಸಿಟರ್ ತರುವಾಗ ಮೈಕ್ರೋಫ್ಯಾರಡ್ ಅಷ್ಟೇ ಇರಲಿ, ಔಟ್‌ಪುಟ್ ಕಡೆಯದಕ್ಕೆ ಸ್ವಲ್ಪ ಜಾಸ್ತಿ ಆದರೂ ನಡೆಯುತ್ತದೆ. ವೋಲ್ಟೇಜ್ ಅಷ್ಟೇ ಅಥವಾ ಹೆಚ್ಚು ಇರಬೇಕು, ಕಡಿಮೆ ಬೇಡವೇ ಬೇಡ. ಸಾಮಾನ್ಯವಾಗಿ 12 ವೋಲ್ಟ್ ಲೈನಿಗೆ 16ರದ್ದು, 5 ವೋಲ್ಟಿಗೆ 10ರದ್ದು ಇರುತ್ತದೆ. 105 ಡಿಗ್ರಿ, ಲೋ ಇಎಸ್‌ಆರ್ ಅಂತ ಒತ್ತಿ ಕೇಳಿ. ರೇಡಿಯೋ ರಿಪೇರಿ ಅಂಗಡಿಯಲ್ಲಿ ಸುಲಭಕ್ಕೆ ಸಿಗುವ 85 ಡಿಗ್ರಿಯ ಮಾಮೂಲಿ ಮಾಲು ಇಲ್ಲಿ ಬೇಗ ಕೆಡುತ್ತದೆ. ನಮ್ಮ ಪಕ್ಕದ ಕಣ್ಣೂರಿನಲ್ಲೇ ಕೆಲ್ಟ್ರಾನ್‌ನವರು ಎಲೆಕ್ಟ್ರೋಲಿಟಿಕ್ ಕೆಪಾಸಿಟರ್ ಮಾಡುತ್ತಾರೆ, ಆದರೆ ನಾನು ಈ ಕೆಲಸಕ್ಕೆ ರೂಬಿಕಾನ್, ನಿಚಿಕಾನ್, ಪ್ಯಾನಾಸೋನಿಕ್‌ನ ಲೋ ಇಎಸ್‌ಆರ್ ಸೀರೀಸ್ ತರಿಸುವುದು. ಹಳೆಯದರ ದಪ್ಪ, ಎತ್ತರ ಸ್ಕೇಲಿನಲ್ಲಿ ಅಳೆದುಕೊಂಡು ಹೋಗಿ. ಎತ್ತರ ಜಾಸ್ತಿಯಾದರೆ ಫ್ಯಾನಿಗೆ ತಾಗುತ್ತದೆ, ದಪ್ಪ ಜಾಸ್ತಿಯಾದರೆ ಪಕ್ಕದ್ದರ ಜೊತೆ ಕೂರುವುದಿಲ್ಲ.

ತೆಗೆಯುವ ಮೊದಲು ಮೊಬೈಲಿನಲ್ಲಿ ನಾಲ್ಕೈದು ಫೋಟೋ ತೆಗೆಯಿರಿ. ಕೆಪಾಸಿಟರಿನ ಮೈಮೇಲೆ ಪಟ್ಟಿ ಇರುವ ಕಡೆಯ ಕಾಲು ಮೈನಸ್. ತಿರುಗಿಸಿ ಹಾಕಿದರೆ ಒಡೆಯುತ್ತದೆ.

25 ವ್ಯಾಟಿನ ಸೋಲ್ಡರಿಂಗ್ ಐರನ್ ಇಲ್ಲಿ ಸಾಲದು. ಕಪ್ಪು ವಯರುಗಳೆಲ್ಲ ಸೇರುವ ತಾಮ್ರದ ಪಟ್ಟಿ ಬಿಸಿಯನ್ನೆಲ್ಲ ಎಳೆದುಕೊಳ್ಳುತ್ತದೆ. 60 ವ್ಯಾಟ್ ತನ್ನಿ. ಹಳೆ ಬೆಸುಗೆ ಮೇಲೆ ಸ್ವಲ್ಪ ಹೊಸ ಲೆಡ್ ಹಾಕಿದರೆ ಎರಡೂ ಸೇರಿ ಬೇಗ ಕರಗುತ್ತವೆ. ಒಂದು ಕಾಲು ಬಿಸಿ ಮಾಡಿ ಕೆಪಾಸಿಟರನ್ನು ಆಚೆ ಕಡೆ ವಾಲಿಸಿ, ಇನ್ನೊಂದು ಬಿಸಿ ಮಾಡಿ ಈಚೆ ವಾಲಿಸಿ, ಹೀಗೆ ಎರಡು ಮೂರು ಸಲ ಮಾಡಿದರೆ ತಾನಾಗಿ ಬರುತ್ತದೆ. ಎಳೆಯಬೇಡಿ, ತಾಮ್ರದ ಪಟ್ಟಿ ಎದ್ದು ಬರುತ್ತದೆ. ತೂತಿನಲ್ಲಿ ಉಳಿದದ್ದನ್ನು ಸಕ್ಕರಿನಲ್ಲಿ (ಕರಗಿದ ಬೆಸುಗೆ ಹೀರುವ ಪಂಪ್) ಎಳೆಯಿರಿ. ಬಾರದಿದ್ದರೆ ಹಿಡಿಸೂಡಿಯ (ತೆಂಗಿನ ಕಡ್ಡಿ ಪೊರಕೆ) ಒಂದು ಕಡ್ಡಿ ಮುರಿದುಕೊಂಡು, ಒಂದು ಕಡೆಯಿಂದ ಬಿಸಿ ಕೊಡುತ್ತಾ ಇನ್ನೊಂದು ಕಡೆಯಿಂದ ಕಡ್ಡಿ ತೂರಿಸಿ. ಲೆಡ್ ಕಡ್ಡಿಗೆ ಅಂಟುವುದಿಲ್ಲ, ಆರಿದ ಮೇಲೆ ತಿರುಗಿಸಿ ಎಳೆದರೆ ಹೊಸ ಕಾಲು ಸಲೀಸಾಗಿ ಹೋಗುವಷ್ಟು ಸ್ವಚ್ಛ ತೂತು ಇರುತ್ತದೆ. ನನಗೆ ಇದಕ್ಕಿಂತ ಒಳ್ಳೆ ಉಪಾಯ ಇದುವರೆಗೆ ಸಿಕ್ಕಿಲ್ಲ. ಬುಡದಲ್ಲಿ ಕಂದು ಬಣ್ಣಕ್ಕೆ ತಿರುಗಿದ ಹಳೆ ಅಂಟು ಕಂಡರೆ ಕೆರೆದು ತೆಗೆಯಿರಿ. ಆ ಅಂಟು ಹಳತಾದರೆ ಅದರಲ್ಲೇ ಕರೆಂಟ್ ಹರಿಯುತ್ತದೆ, ಕಾಲುಗಳನ್ನೂ ತಿನ್ನುತ್ತದೆ. ಇರುವೆ ಗೂಡು, ಸತ್ತ ಹಲ್ಲಿ ಇದ್ದರೆ ಅದೂ ಹೊರಗೆ. ನಮ್ಮ ಕಡೆ ಮಳೆಗಾಲದಲ್ಲಿ ಬೆಚ್ಚಗಿನ ಜಾಗ ಅಂತ ಅವು ಒಳಗೆ ಸೇರುತ್ತವೆ, ಅಲ್ವಾ.

ಫ್ಯೂಸ್ ಸುಟ್ಟಿದ್ದರೆ, ಬೋರ್ಡ್ ಕರಕಲಾಗಿದ್ದರೆ ಈ ಕೆಲಸಕ್ಕೇ ಹೋಗಬೇಡಿ. ಅದು ಬರೀ ಕೆಪಾಸಿಟರಿನ ತೊಂದರೆ ಅಲ್ಲ. ಹೊಸ ಎಸ್‌ಎಂಪಿಎಸ್ ತಗೊಳ್ಳಿ.

ಎಲ್ಲ ಮುಗಿದು ಮುಚ್ಚಳ ಹಾಕಿದ ಮೇಲೆ, ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್‌ನಲ್ಲಿ, ಅಂದರೆ ಕರೆಂಟ್ ಬಲ್ಬನ್ನು ದಾಟಿಯೇ ಎಸ್‌ಎಂಪಿಎಸ್‌ಗೆ ಹೋಗುವ ಹಾಗೆ, 100 ವ್ಯಾಟಿನ ಫಿಲಮೆಂಟ್ ಬಲ್ಬ್ ಇರಲಿ. ಒಮ್ಮೆ ಬೆಳಗಿ ಮಂಕಾದರೆ ಸರಿ. ಜೋರಾಗಿ ಉರಿಯುತ್ತಲೇ ಇದ್ದರೆ ಎಲ್ಲೋ ಶಾರ್ಟ್ ಇದೆ, ತಕ್ಷಣ ಆಫ್ ಮಾಡಿ. ಸರಿ ಇದ್ದರೆ ಸೀರೀಸ್ ಬಲ್ಬ್ ತೆಗೆದು ನೇರ ಕೊಡಿ. ಹಸಿರು ವಯರನ್ನು ಕಪ್ಪಿಗೆ ಸೇರಿಸಿದರೆ ಎಸ್‌ಎಂಪಿಎಸ್ ಓಡಲು ಶುರುವಾಗುತ್ತದೆ. ಲೋಡ್ ಇಲ್ಲದೆ ಓಡಿಸಬೇಡಿ. ಹಳದಿಗೂ ಕಪ್ಪಿಗೂ ನಡುವೆ ಬೈಕಿನ ಇಂಡಿಕೇಟರಿನ 12 ವೋಲ್ಟ್ 21 ವ್ಯಾಟಿನ ಬಲ್ಬ್ ಕಟ್ಟಿ, ಒಂದೂ ಮುಕ್ಕಾಲು ಆಂಪಿಯರ್ ಎಳೆಯುತ್ತದೆ. ಹಳದಿಯಲ್ಲಿ 11.4ರಿಂದ 12.6, ಕೆಂಪಿನಲ್ಲಿ 4.75ರಿಂದ 5.25, ಕಿತ್ತಳೆಯಲ್ಲಿ 3.14ರಿಂದ 3.47 ವೋಲ್ಟ್ ಇರಬೇಕು. ಅರ್ಧ ಗಂಟೆ ಓಡಿಸಿ ಮತ್ತೆ ಅಳೆಯಿರಿ.

ಸಾಮಾನು ತರುವ ಮೊದಲೇ ಇವತ್ತೇ ಮಾಡಬಹುದಾದ್ದು ಒಂದಿದೆ. ಎಸ್‌ಎಂಪಿಎಸ್‌ನ ಮುಚ್ಚಳ ಹಾಕಿ, ಅದರ ಎಲ್ಲ ಕನೆಕ್ಟರ್‌ಗಳನ್ನು ಮದರ್‌ಬೋರ್ಡಿನಿಂದ ಕಿತ್ತು, ಬರೀ ಪ್ಲಗ್ ಹಾಕಿ ನೇರಳೆ ಮತ್ತು ಕಪ್ಪು ವಯರಿನ ನಡುವೆ ಎಷ್ಟಿದೆ ಅಂತ ನೋಡಿ. 5.25 ದಾಟಿದ್ದರೆ ರಿಪೇರಿ ಆಗುವವರೆಗೆ ಅದನ್ನು ಮದರ್‌ಬೋರ್ಡಿಗೆ ಮತ್ತೆ ಸಿಕ್ಕಿಸಬೇಡಿ. ಎಷ್ಟು ತೋರಿಸಿತು ಅಂತ ಇಲ್ಲೇ ಬರೆಯಿರಿ, ಬೋರ್ಡಿನ ಎರಡೂ ಬದಿಯ ಫೋಟೋ ಹಾಕಿದರೆ ಆ ಪುಟ್ಟ ಕೆಪಾಸಿಟರ್ ಯಾವುದು ಅಂತ ನಾನೇ ಗುರುತು ಮಾಡಿ ಕೊಡುತ್ತೇನೆ.