ರಾಜೀನಾಮೆ ಕೊಟ್ಟು ರೈಲು ಹತ್ತುವ ಮೊದಲು

(ನಮ್ಮ ಅಂಕಣಕಾರ್ತಿ ಮಂಡ್ಯದವರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದರು. ಕೆಲಸ ಬಿಟ್ಟು ವರ್ಷಕ್ಕೂ ಮೀರಿ ಒಬ್ಬರೇ ದೇಶ ಸುತ್ತಿ ಬಂದವರು. ಓದುಗರ ಪತ್ರಗಳಿಗೆ ಅವರ ಉತ್ತರ.)

ಪ್ರಶ್ನೆ: ಮೇಡಂ, ನನಗೆ 34 ವರ್ಷ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ. ಮದುವೆಯಾಗಿಲ್ಲ, ಸಾಲ ಇಲ್ಲ. ಉಳಿತಾಯ 9 ಲಕ್ಷ. ಕೆಲಸ ಬಿಟ್ಟು ಒಂದು ವರ್ಷ ತಿರುಗಬೇಕು. ಮೊದಲು ಭಾರತ, ಕೊನೆಗೆ ಯುರೋಪ್. ಅಪ್ಪ ‘ಹುಚ್ಚು’ ಅಂತಾರೆ. ಈ ದುಡ್ಡು ಸಾಕಾ? ತಿರುಗಾಟದಲ್ಲಿ ನೀವು ಕಲಿತದ್ದೇನು?
– ಹೆಸರು ಬೇಡ, ದಾವಣಗೆರೆ

ಉತ್ತರ: ಅಪ್ಪನ ವಿಷಯ ಆಮೇಲೆ. ಮೊದಲು ನಿಮ್ಮ ಯೋಜನೆಯನ್ನು ಹಿಂದುಮುಂದು ಮಾಡಿ. ಯುರೋಪ್ ಮೊದಲು, ಅದೂ ಕೆಲಸದಲ್ಲಿರುವಾಗಲೇ, ರಜೆ ಹಾಕಿ. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ಷೆಂಗೆನ್ ವೀಸಾಕ್ಕೆ ಸಂಬಳದ ಸ್ಲಿಪ್ ಕೇಳುತ್ತಾರೆ. ಕಂಪನಿ ರಜೆ ಕೊಟ್ಟಿದೆ ಅನ್ನುವ ಪತ್ರ ಕೇಳುತ್ತಾರೆ. ನೀವು ವಾಪಸ್ ಬರುತ್ತೀರಿ ಅಂತ ಅವರಿಗೆ ನಂಬಿಕೆ ಬರಬೇಕು, ಅಷ್ಟೇ. ಕೆಲಸ ಬಿಟ್ಟ ಮೇಲೆ ಸಿಗುವುದೇ ಇಲ್ಲ ಅಂತಲ್ಲ, ಆದರೆ ತಾಪತ್ರಯ ಜಾಸ್ತಿ. ನೇಪಾಳಕ್ಕೆ ಇದ್ಯಾವುದೂ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೂ ವೋಟರ್ ಐಡಿ ನಡೆಯುತ್ತದೆ. ನಿಮ್ಮ ವಯಸ್ಸಿನವರು ಬರೀ ಆಧಾರ್ ಹಿಡಿದು ಕಠ್ಮಂಡು ವಿಮಾನ ಹತ್ತಲು ಹೋಗಬೇಡಿ.

ಆರೋಗ್ಯ ವಿಮೆ ಇದೆಯಾ? ಕಂಪನಿಯದ್ದು ಇದೆ ಅನ್ನುತ್ತೀರಿ, ಗೊತ್ತು. ಸಾಮಾನ್ಯವಾಗಿ ಅದು ಕೆಲಸದ ಜತೆಗೇ ಮುಗಿದುಹೋಗುತ್ತದೆ. ಸ್ವಂತ ಪಾಲಿಸಿ ಮಾಡಿಸಿದರೆ ಮೊದಲ 30 ದಿನ ಅಪಘಾತ ಬಿಟ್ಟು ಬೇರೆ ಕಾಯಿಲೆಗೆ ದುಡ್ಡು ಬರುವುದಿಲ್ಲ. ಮೊದಲೇ ಬಿಪಿ, ಶುಗರ್ ಇದ್ದರೆ ಮೂರು ವರ್ಷದವರೆಗೂ ಕಾಯಿಸಬಹುದು. ಆದ್ದರಿಂದ ಮೊದಲು ಪಾಲಿಸಿ, ಆಮೇಲೆ ರಾಜೀನಾಮೆ. ಪಿಎಫ್ ಮುಟ್ಟಬೇಡಿ. ಸೇವೆ ಐದು ವರ್ಷ ತುಂಬುವ ಮೊದಲೇ ತೆಗೆದರೆ ತೆರಿಗೆ ಬೀಳುತ್ತದೆ. ಕೆಲಸ ಬಿಡುವಾಗ ಕಂಪನಿ ಕೊಡುವ ಇಡುಗಂಟು, ಅಂದರೆ ಗ್ರ್ಯಾಚುಟಿ, ಅದರ ಲೆಕ್ಕವೂ ನಿಮ್ಮಂಥ ಕಾಯಂ ನೌಕರರಿಗೆ ಐದು ವರ್ಷದ್ದೇ. ಈ ಕಂಪನಿಯಲ್ಲಿ ನಾಲ್ಕೂವರೆ ವರ್ಷ ಆಗಿದ್ದರೆ ಇನ್ನಾರು ತಿಂಗಳು ಹಲ್ಲು ಕಚ್ಚಿಕೊಂಡು ಇರಿ.

ಇನ್ನು 9 ಲಕ್ಷ. ಮೂರು ಲಕ್ಷ ಎಫ್‌ಡಿ ಮಾಡಿ ಮರೆತುಬಿಡಿ. ಅದು ವಾಪಸ್ ಬಂದ ಮೇಲೆ ಕೆಲಸ ಹುಡುಕುವ ತಿಂಗಳುಗಳಿಗೆ. ಉಳಿದ ಆರು ಲಕ್ಷ ಅಂದರೆ ತಿಂಗಳಿಗೆ 50 ಸಾವಿರ. ಒಳ್ಳೇ ದುಡ್ಡೇ ಅದು, ಒಂದು ಷರತ್ತಿನ ಮೇಲೆ: ಒಂದು ಊರಿನಲ್ಲಿ ನಿಲ್ಲಬೇಕು. ದುಡ್ಡು ಕರಗುವುದು ಊರಿಂದ ಊರಿಗೆ ಓಡುವಾಗ. ಟಿಕೆಟ್, ಟ್ಯಾಕ್ಸಿ, ಒಂದು ರಾತ್ರಿಯ ರೂಮು, ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲ್ ಊಟ. ತಿಂಗಳ ಲೆಕ್ಕಕ್ಕೆ ರೂಮು ಹಿಡಿದರೆ ಬಾಡಿಗೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ನಾನು ಚೌಕಾಸಿಯನ್ನೂ ಮಾಡಿದವಳಲ್ಲ, ಬರೀ ‘ತಿಂಗಳು ಇರ್ತೀನಿ’ ಅಂದೆ.

ಕಲಿತದ್ದು ಅಂತ ಕೇಳಿದಿರಲ್ಲ, ಅದೂ ಇದೇ. ಮೊದಮೊದಲು ನಾನು ಓಡಿದ್ದೇ ಓಡಿದ್ದು. ಕಾಶಿ ಆಯ್ತು, ಗಯಾ ಆಯ್ತು, ಡಾರ್ಜಿಲಿಂಗ್ ಆಯ್ತು. ಮಾರ್ಚ್ ಕ್ಲೋಸಿಂಗ್‌ನಲ್ಲಿ ವೋಚರ್‌ಗೆ ಟಿಕ್ ಹಾಕುತ್ತೀವಲ್ಲ, ಹಾಗೆ. ಆ ಓಟ ನಿಂತದ್ದು ಅರುಣಾಚಲದ ಝೀರೊ ಅನ್ನುವ ಊರಿನಲ್ಲಿ. ನಾಹರ್ಲಗುನ್‌ವರೆಗೆ ರೈಲು, ಅಲ್ಲಿಂದ ಶೇರ್ ಸುಮೋ. ಅರುಣಾಚಲಕ್ಕೆ ಹೊರಗಿನವರು ಹೋಗಲು ಇನ್ನರ್ ಲೈನ್ ಪರ್ಮಿಟ್ ಅನ್ನುವ ಅನುಮತಿ ಪತ್ರ ಬೇಕು, ಆನ್‌ಲೈನ್‌ನಲ್ಲೇ ಸಿಗುತ್ತದೆ. ನಾನು ಹೋದದ್ದು ಮಳೆಗಾಲ. ಗುಡ್ಡ ಕುಸಿದು ರಸ್ತೆ ಬಂದ್ ಆಯಿತು. ಸುಮೋ ಸ್ಟ್ಯಾಂಡಿನವನು ನಾಳೆ, ನಾಳಿದ್ದು ಅಂತ ಹೇಳುತ್ತಲೇ ಇದ್ದ. ಕೊನೆಗೆ ನಾನು ಕೇಳುವುದನ್ನೇ ಬಿಟ್ಟೆ.

ಅಲ್ಲಿಯವರು ಅಪತಾನಿ ಬುಡಕಟ್ಟಿನವರು. ಭತ್ತದ ಗದ್ದೆಯ ನೀರಿನಲ್ಲೇ ಮೀನು ಸಾಕುತ್ತಾರೆ. ಬದುಗಳ ಮೇಲೆ ಏನೋ ಪೈರು ಸಾಲಾಗಿತ್ತು. ಹತ್ತಿರ ಹೋಗಿ ನೋಡಿದರೆ ರಾಗಿ! ಮಂಡ್ಯದವಳಿಗೆ ಆದ ಖುಷಿ ಕೇಳಬೇಡಿ. ಅವರು ಅದರಲ್ಲಿ ಬಿಯರ್ ಮಾಡುತ್ತಾರೆ. ನಾನು ಹಿಟ್ಟು ಮಾಡಿಸಿ ಮುದ್ದೆ ಕಟ್ಟಿದೆ. ನಾನು ಉಳಿದಿದ್ದ ಮನೆಯಾಕೆ ಒಂದು ತುತ್ತು ತಿಂದು, ತುಂಬಾ ಮರ್ಯಾದೆಯಿಂದ ತಟ್ಟೆ ಪಕ್ಕಕ್ಕಿಟ್ಟರು. ಮರುದಿನದಿಂದ ಅವರ ಜತೆ ಕಳೆ ಕೀಳಲು ಗದ್ದೆಗಿಳಿದೆ. ಎರಡು ಸಾಲು ಮುಗಿಸುವಷ್ಟರಲ್ಲಿ ನನ್ನ ಸೊಂಟ ಬಿದ್ದುಹೋಗುತ್ತಿತ್ತು, ಆಕೆ ಆಚೆ ದಡದಲ್ಲಿರುತ್ತಿದ್ದರು. ಕೆಲವು ವಾರ ಕಳೆದ ಮೇಲೆ ಮೂಲೆ ಅಂಗಡಿಯವನು ಚಿಲ್ಲರೆ ಇಲ್ಲದಾಗ ‘ನಾಳೆ ಕೊಡಿ’ ಅಂದ. ಪೀಣ್ಯದಲ್ಲಿ ಅಷ್ಟು ವರ್ಷ ಇದ್ದರೂ ಯಾವ ಅಂಗಡಿಯವನೂ ಹಾಗೆ ಅಂದಿರಲಿಲ್ಲ. ರಸ್ತೆ ಯಾವಾಗಲೋ ಸರಿಹೋಗಿತ್ತು. ನಾನು ಹೊರಡಲಿಲ್ಲ.

ಅಪ್ಪನಿಗೆ ಎಫ್‌ಡಿ ರಸೀದಿ, ಪಾಲಿಸಿ ಎರಡನ್ನೂ ತೋರಿಸಿ. ವಾದ ಮಾಡಬೇಡಿ. ನಾನು ನನ್ನ ಅಪ್ಪನ ಮುಂದೆ ಇಡೀ ಲೆಕ್ಕದ ಹಾಳೆ ಹರಡಿದರೆ ಅವರು ಕೇಳಿದ್ದು ‘ದಿನಾ ಫೋನ್ ಮಾಡ್ತೀಯಾ?’ ಅಂತ ಮಾತ್ರ. ಅಂದಹಾಗೆ ಜಮ್ಮು–ಕಾಶ್ಮೀರ, ಲಡಾಖ್‌ನಲ್ಲಿ ನಮ್ಮ ಪ್ರೀಪೇಯ್ಡ್ ಸಿಮ್ ಕೆಲಸ ಮಾಡುವುದಿಲ್ಲ. ಹೊರಡುವ ಮೊದಲು ಪೋಸ್ಟ್‌ಪೇಯ್ಡ್ ಮಾಡಿಸಿಕೊಳ್ಳಿ, ಇಲ್ಲದಿದ್ದರೆ ಅಪ್ಪ ಪೊಲೀಸ್ ಸ್ಟೇಷನ್‌ಗೆ ಹೋಗುತ್ತಾರೆ.

ಪ್ರಶ್ನೆ: ಅಕ್ಕಾ, ನನಗೆ 41. ಖಾಸಗಿ ಶಾಲೆಯಲ್ಲಿ ಟೀಚರ್. ಮನೆಯಲ್ಲಿ ಅಮ್ಮ ಮತ್ತು ನಾನು ಇಬ್ಬರೇ. ಕೆಲಸ ಬಿಟ್ಟು ನರ್ಮದಾ ಪರಿಕ್ರಮ ಮಾಡಬೇಕು ಅಂತ ಬಹಳ ದಿನದ ಆಸೆ. ಹೆಂಗಸರು ಒಬ್ಬರೇ ಹೋಗಬಹುದಾ?
– ಓದುಗಿ, ಹಾಸನ

ಉತ್ತರ: ಹೋಗಬಹುದು. ಆದರೆ ಕೆಲಸ ಬಿಡಬೇಡಿ ತಂಗಿ. ನರ್ಮದೆಯ ಉದ್ದ 1,312 ಕಿಲೋಮೀಟರ್. ನದಿಯನ್ನು ಬಲಗಡೆ ಇಟ್ಟುಕೊಂಡು, ಎಲ್ಲೂ ದಾಟದೆ ಎರಡೂ ದಡ ನಡೆಯಬೇಕು. ಪೂರ್ತಿ ನಡೆಯಲು ತಿಂಗಳುಗಳೇ ಹಿಡಿಯುತ್ತವೆ. ಅಷ್ಟು ದಿನ ಅಮ್ಮನನ್ನು ಬಿಟ್ಟು ಹೋದರೆ ನಿಮ್ಮ ಕಾಲು ಅಲ್ಲಿ, ತಲೆ ಹಾಸನದಲ್ಲಿ. ಬೇಕಾಗಿಲ್ಲ. ತುಂಡು ತುಂಡಾಗಿ ನಡೆಯುವ ಪದ್ಧತಿಯೂ ಇದೆ, ಖಂಡ ಪರಿಕ್ರಮ ಅಂತಾರೆ. ಈ ಸಲ ಎಲ್ಲಿಗೆ ನಿಲ್ಲಿಸಿದಿರೋ ಮುಂದಿನ ಸಲ ಅಲ್ಲಿಂದ ಶುರು.

ಬೆಂಗಳೂರಿನಿಂದ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಿ ಖಾಂಡ್ವಾದಲ್ಲಿ ಇಳಿಯಿರಿ. ಅಲ್ಲಿಂದ ನರ್ಮದೆಯ ದಡದ ಓಂಕಾರೇಶ್ವರಕ್ಕೆ ಬಸ್ ಇದೆ, ನಡಿಗೆ ಅಲ್ಲಿಂದ ಶುರು ಮಾಡಿ. ಬೇಸಿಗೆ ರಜೆ ಇದೆಯಲ್ಲ ಅಂತ ಏಪ್ರಿಲ್‌ನಲ್ಲಿ ಹೋಗಬೇಡಿ, ಆ ಬಿಸಿಲಿನಲ್ಲಿ ನಡೆಯಲಾಗುವುದಿಲ್ಲ. ಚಾತುರ್ಮಾಸ ಮುಗಿದ ಮೇಲೆ, ಡಿಸೆಂಬರ್ ಹೊತ್ತಿಗೆ ಸಂಬಳ ಇಲ್ಲದ ರಜೆ ಕೇಳಿ ನೋಡಿ. ನಾನು ಪರಿಕ್ರಮಕ್ಕೆ ಹೋದಾಗ ದಾರಿಯಲ್ಲಿ ಊಟಕ್ಕಾಗಲಿ ಮಲಗಲಿಕ್ಕಾಗಲಿ ಚಿಂತೆಯಾಗಲಿಲ್ಲ. ಪರಿಕ್ರಮದವರು ಅಂದರೆ ಊರಿನವರೇ ಕರೆದು ಅಕ್ಕಿ–ಬೇಳೆ ಕೊಡುತ್ತಾರೆ, ‘ನರ್ಮದೇ ಹರ್’ ಅಂದರೆ ಸಾಕು. ನನ್ನ ಜತೆ ನಡೆದವರಲ್ಲಿ ಮಹಾರಾಷ್ಟ್ರದ ಹೆಂಗಸರೇ ಜಾಸ್ತಿ, ಅದರಲ್ಲೂ ಅರವತ್ತು ದಾಟಿದವರು.

ನಾನು ಬಿಡದೆ ಪಾಲಿಸಿದ ನಿಯಮ ಒಂದೇ, ಕತ್ತಲಾಗುವ ಮೊದಲು ತಂಗುವ ಜಾಗ ಸೇರುವುದು. ಮುಂದೆ ಈಶಾನ್ಯದ ಕಡೆ ಹೋದರೆ ಇದನ್ನು ಇನ್ನೂ ಜ್ಞಾಪಕ ಇಟ್ಟುಕೊಳ್ಳಿ. ಡಿಸೆಂಬರ್‌ನಲ್ಲಿ ಅಲ್ಲಿ ನಾಲ್ಕೂವರೆಗೆಲ್ಲ ಸೂರ್ಯ ಮುಳುಗಿರುತ್ತಾನೆ.

ಪ್ರಶ್ನೆ: ವಾಪಸ್ ಬಂದ ಮೇಲೆ ಇಂಟರ್‌ವ್ಯೂನಲ್ಲಿ ‘ಈ ಒಂದು ವರ್ಷ ಏನು ಮಾಡ್ತಿದ್ರಿ’ ಅಂತ ಕೇಳಿದರೆ?
– ಓದುಗ, ಹುಬ್ಬಳ್ಳಿ

ಉತ್ತರ: ‘ತಿರುಗ್ತಿದ್ದೆ’ ಅನ್ನಿ. ನಾಯಕತ್ವ ಕಲಿತೆ, ಟೀಮ್‌ವರ್ಕ್ ಕಲಿತೆ ಅಂತ ಕಥೆ ಕಟ್ಟಬೇಡಿ, ಕೇಳುವವರಿಗೆ ಗೊತ್ತಾಗುತ್ತದೆ. ನನ್ನನ್ನು ಕೇಳಿದವರಿಗೆ ಬೇಕಿದ್ದದ್ದು ಜಿಎಸ್‌ಟಿ ರಿಟರ್ನ್ ಮರೆತಿದ್ದೀನಾ ಇಲ್ವಾ ಅನ್ನುವುದು. ಇಂಟರ್‌ವ್ಯೂಗೆ ಮೊದಲು ಹೊಸ ನಿಯಮಗಳನ್ನು ಕೂತು ಓದಿದ್ದೆ, ಅದು ಕೆಲಸಕ್ಕೆ ಬಂತು. ಸಂಬಳ ಮೊದಲಿಗಿಂತ ಕಡಿಮೆ ಸಿಕ್ಕಿತು. ನಿಮಗೂ ಹಾಗಾಗಬಹುದು, ಅದನ್ನೂ ಖರ್ಚಿನ ಲೆಕ್ಕಕ್ಕೆ ಸೇರಿಸಿಕೊಂಡೇ ಹೊರಡಿ.

ಪ್ರಶ್ನೆ: ತಿರುಗಾಟದ ಖರ್ಚಿಗೆ ಯೂಟ್ಯೂಬ್ ಚಾನೆಲ್ ಶುರು ಮಾಡಲಾ?
– ಓದುಗ, ತುಮಕೂರು

ಉತ್ತರ: ವಿಡಿಯೊ ಮಾಡುವುದು ಇಷ್ಟವಿದ್ದರೆ ಮಾಡಿ. ಖರ್ಚಿಗೆ ಅಂತಾದರೆ ಬೇಡ. ಜಾಹೀರಾತಿನ ದುಡ್ಡು ಬರಲು 1,000 ಚಂದಾದಾರರು ಬೇಕು, ಒಂದು ವರ್ಷದಲ್ಲಿ 4,000 ಗಂಟೆ ಜನ ನಿಮ್ಮನ್ನು ನೋಡಿರಬೇಕು. ಶಾರ್ಟ್ಸ್‌ಗೆ ಬೇರೆ ಲೆಕ್ಕ, ಅದು ಇನ್ನೂ ಕಷ್ಟ. ರಾತ್ರಿಯೆಲ್ಲ ಎಡಿಟಿಂಗ್, ಬೆಳಗ್ಗೆ ಅಪ್‌ಲೋಡ್, ಆಮೇಲೆ ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತುವುದು. ಇದಕ್ಕೆ ತುಮಕೂರಿನ ಕೆಲಸವನ್ನು ಯಾಕೆ ಬಿಡಬೇಕು ಹೇಳಿ?